ಲಿಂಕ್ ಸರಿಯಿದೆ, ಚಿತ್ರ ಮಾತ್ರ ಬರ್ತಿಲ್ಲ: ನೆಕ್ಸ್ಟ್‌ಜೆಎಸ್ ಇಮೇಜ್ ಕಾಂಪೊನೆಂಟಿನ ಒಳಮಿತಿಗಳನ್ನು ಪತ್ತೆ ಹಚ್ಚುವುದು ಹೇಗೆ?

ಚಿತ್ರದ ಲಿಂಕನ್ನು ಬ್ರೌಸರಿನಲ್ಲಿ ಹಾಕಿದರೆ ಚಿತ್ರ ಚೆನ್ನಾಗಿಯೇ ತೆರೆದುಕೊಳ್ಳುತ್ತದೆ. ಅದೇ ಲಿಂಕನ್ನು ನೆಕ್ಸ್ಟ್‌ಜೆಎಸ್ (ರಿಯಾಕ್ಟ್ ಬಳಸಿ ವೆಬ್‌ಸೈಟ್ ಕಟ್ಟುವ ಫ್ರೇಮ್‌ವರ್ಕ್) ಕೊಡುವ ಇಮೇಜ್ ಕಾಂಪೊನೆಂಟಿಗೆ, ಅಂದರೆ ಚಿತ್ರ ತೋರಿಸುವ ಅದರ ಸಿದ್ಧ ತುಣುಕಿಗೆ, ಕೊಟ್ಟರೆ ಪುಟದಲ್ಲಿ ಆ ಜಾಗ ಖಾಲಿ. ಕಾನ್ಫಿಗ್ ನೋಡುತ್ತೀರಿ, ಸರಿಯಾಗಿದೆ. ಡಾಕ್ಯುಮೆಂಟೇಶನ್ ನೋಡುತ್ತೀರಿ, ಅಲ್ಲಿ ಹೇಳಿದ ಹಾಗೇ ಮಾಡಿದ್ದೀರಿ. ಆಮೇಲೆ ಸುಮ್ನೆ ಒಂದೊಂದೇ ಪ್ರಾಪ್ (ಕಾಂಪೊನೆಂಟಿಗೆ ಕೊಡುವ ಆಯ್ಕೆ) ಬದಲಿಸಿ ನೋಡುವ ಕೆಲಸ ಶುರು. ಅರ್ಧ ದಿನ ಹೋಗುವುದು ಅಲ್ಲೇ.

ನೆಕ್ಸ್ಟ್‌ಜೆಎಸ್‌ಗೆ ಈ ಕಾಂಪೊನೆಂಟ್ ಬಂದದ್ದು 2020ರಲ್ಲಿ, 10ನೇ ಆವೃತ್ತಿಯ ಜೊತೆ. ಆಮೇಲೆ ಪ್ರತಿ ದೊಡ್ಡ ಆವೃತ್ತಿಯಲ್ಲೂ ಅದರ ಸುತ್ತ ಒಂದಷ್ಟು ಬೇಲಿ ಹಾಕುತ್ತಾ ಬಂದಿದ್ದಾರೆ. ಕೆಲವು ಬೇಲಿಗಳ ಬಗ್ಗೆ ಡಾಕ್ಯುಮೆಂಟಿನಲ್ಲಿ ದೊಡ್ಡದಾಗಿ ಬರೆದಿದೆ. ಕೆಲವು ಯಾವುದೋ ಮೂಲೆಯ ಒಂದು ಸಾಲಿನಲ್ಲಿವೆ. ಇನ್ನು ಕೆಲವು ಸಿಗುವುದು ಸೋರ್ಸ್ ಕೋಡ್ ತೆರೆದಾಗ ಮಾತ್ರ. ನಾನಿಲ್ಲಿ ಹೇಳುವುದು ಮುಖ್ಯವಾಗಿ 15 ಮತ್ತು 16ನೇ ಆವೃತ್ತಿಗಳ ಬಗ್ಗೆ, ಅದೂ ನಿಮ್ಮದೇ ಸರ್ವರಿನಲ್ಲಿ ನೆಕ್ಸ್ಟ್ ಓಡಿಸುತ್ತಿದ್ದರೆ. ಕೆಲವು ಹೋಸ್ಟಿಂಗ್ ಸೇವೆಗಳು ಚಿತ್ರದ ಕೆಲಸವನ್ನು ತಮ್ಮದೇ ವ್ಯವಸ್ಥೆಗೆ ಒಪ್ಪಿಸುತ್ತವೆ. ಅಲ್ಲಿನ ಲೆಕ್ಕ ಬೇರೆ. ಸೆಟ್ಟಿಂಗುಗಳ ಹೆಸರನ್ನು ಕನ್ನಡದಲ್ಲೇ ಬರೆದಿದ್ದೇನೆ, ಉಚ್ಚಾರ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ.

ಒಂದು ವಿಷಯ ಮೊದಲೇ ತಲೆಯಲ್ಲಿರಲಿ. ಇಮೇಜ್ ಕಾಂಪೊನೆಂಟ್ ಬಳಸಿದಾಗ ಮೂಲ ಚಿತ್ರವನ್ನು ತರಲು ಹೋಗುವುದು ನಿಮ್ಮ ಸರ್ವರ್. ಅದು ಚಿತ್ರವನ್ನು ತಂದು, ಚಿಕ್ಕದು ಮಾಡಿ, ವೆಬ್‌ಪಿಗೆ (ಹಗುರವಾದ ಒಂದು ಚಿತ್ರರೂಪ) ಬದಲಿಸಿ ಬ್ರೌಸರಿಗೆ ಕೊಡುತ್ತದೆ. ಈ ಕೆಲಸ ಮಾಡುವ ಭಾಗವೇ ಆಪ್ಟಿಮೈಜರ್. ಅಂದರೆ ನಿಮ್ಮ ಬ್ರೌಸರಿನಲ್ಲಿ ಲಿಂಕ್ ತೆರೆದುಕೊಂಡಿತು ಅನ್ನುವುದರಿಂದ ಏನೂ ಸಾಬೀತಾಗುವುದಿಲ್ಲ. ಸರ್ವರ್ ಕೂತಿರುವ ಜಾಗದಿಂದ ಅದು ತೆರೆಯುತ್ತದಾ ಎಂಬುದೇ ಪ್ರಶ್ನೆ. ಕೆಳಗಿನ ತೊಂದರೆಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಈ ಒಂದು ವ್ಯತ್ಯಾಸದಿಂದ.

ಹಂತ 1: ಪುಟ ಬಿಟ್ಟು ವಿಳಾಸ ಹಿಡಿಯಿರಿ

ಡೆವ್‌ಟೂಲ್ಸ್ ತೆರೆದು ನೆಟ್‌ವರ್ಕ್ ಟ್ಯಾಬಿಗೆ ಹೋಗಿ. ಮುರಿದ ಚಿತ್ರದ ಸಾಲು ಹುಡುಕಿ. ಅದರ ವಿಳಾಸದಲ್ಲಿ ಅಂಡರ್‌ಸ್ಕೋರ್ ನೆಕ್ಸ್ಟ್, ಆಮೇಲೆ ಇಮೇಜ್, ಆಮೇಲೆ ಮೂರು ಪ್ಯಾರಾಮೀಟರ್ ಇರುತ್ತವೆ: ಯುಆರ್‌ಎಲ್, ಡಬ್ಲ್ಯೂ, ಕ್ಯೂ. ಮೂಲ ಚಿತ್ರ ಎಲ್ಲಿದೆ, ಎಷ್ಟು ಅಗಲ ಬೇಕು, ಗುಣಮಟ್ಟ ಎಷ್ಟು ಎಂದು ಅರ್ಥ. ಈ ವಿಳಾಸವನ್ನು ಕಾಪಿ ಮಾಡಿ ಹೊಸ ಟ್ಯಾಬಿನಲ್ಲಿ ತೆರೆಯಿರಿ.

ಈಗ ಮುರಿದ ಚಿತ್ರದ ಗುರುತಿನ ಬದಲು ಒಂದು ಸಾಲಿನ ಎರರ್ ಕಾಣುತ್ತದೆ. ಈ ಸಾಲನ್ನು ಪುಟದಲ್ಲಿ ಯಾರೂ ನಿಮಗೆ ತೋರಿಸುವುದಿಲ್ಲ. ಡೆವ್ ಮೋಡಿನಲ್ಲಿ ಹೋಸ್ಟ್ ಹೆಸರು (ಮೂಲ ಚಿತ್ರ ಇರುವ ಸೈಟಿನ ಹೆಸರು) ಕಾನ್ಫಿಗ್ಗಿನ ಅನುಮತಿ ಪಟ್ಟಿಯಲ್ಲಿ ಇಲ್ಲದಿದ್ದರೆ ಪುಟವೇ ಕಿರುಚಿಕೊಳ್ಳುತ್ತದೆ. ಪ್ರೊಡಕ್ಷನ್ನಿನಲ್ಲಿ ಅದೇ ತಪ್ಪಿಗೆ ಸಿಗುವುದು ತಣ್ಣಗಿನ ಒಂದು 400 (ಕೋರಿಕೆ ಸರಿಯಿಲ್ಲ ಎಂಬ ಉತ್ತರ) ಮಾತ್ರ. ಹಾಗಾಗಿ ಮೊದಲು ಸ್ಟೇಟಸ್ ಸಂಖ್ಯೆ ಮತ್ತು ಆ ಸಾಲು, ಎರಡನ್ನೂ ಬರೆದಿಟ್ಟುಕೊಳ್ಳಿ.

ಹಂತ 2: 400 ಬಂದರೆ ಆ ಸಾಲಿನ ಒಂದೊಂದು ಪದವನ್ನೂ ಓದಿ

ಯುಆರ್‌ಎಲ್ ಪ್ಯಾರಾಮೀಟರಿಗೆ ಅನುಮತಿ ಇಲ್ಲ ಎಂದಿದ್ದರೆ ಮೊದಲ ಅನುಮಾನ ಆ ಅನುಮತಿ ಪಟ್ಟಿಯಾದ ರಿಮೋಟ್ ಪ್ಯಾಟರ್ನ್ಸ್ ಮೇಲೆ. ಹೋಸ್ಟ್ ಹೆಸರು ಹಾಕಿದ್ದೀರಿ, ಆದರೂ ಬಂತು ಅಂದರೆ ಸರ್ಚ್ ಎಂಬ ಕೀ ನೋಡಿ. ಡಾಕ್ಯುಮೆಂಟಿನ ಉದಾಹರಣೆಯಲ್ಲಿ ಅದಕ್ಕೆ ಖಾಲಿ ಸ್ಟ್ರಿಂಗ್ ಕೊಟ್ಟಿರುತ್ತಾರೆ. ಕಾಪಿ ಪೇಸ್ಟ್ ಮಾಡಿದವರು ಅದನ್ನೂ ತಂದಿರುತ್ತಾರೆ. ಖಾಲಿ ಸ್ಟ್ರಿಂಗ್ ಅಂದರೆ ಏನಾದರೂ ಇರಬಹುದು ಎಂದಲ್ಲ, ಪ್ರಶ್ನೆ ಚಿಹ್ನೆಯ ನಂತರ ಏನೂ ಇರಕೂಡದು ಎಂದು. ಚಿತ್ರದ ಕೊನೆಗೆ ಆವೃತ್ತಿ ಸಂಖ್ಯೆ ಸೇರಿಸಿದ ದಿನ ಎಲ್ಲವೂ ಮುರಿಯುತ್ತದೆ. ಕೀಯನ್ನೇ ತೆಗೆದರೆ ಏನು ಬಂದರೂ ಬಿಡುತ್ತದೆ. ಹೋಸ್ಟ್ ಹೆಸರಿನಲ್ಲಿ ಒಂದು ನಕ್ಷತ್ರ ಹಾಕಿದರೆ ಅದು ಒಂದೇ ಹಂತದ ಸಬ್‌ಡೊಮೇನಿಗೆ. ಎರಡು ಹಂತ ಇದ್ದರೆ ಎರಡು ನಕ್ಷತ್ರ ಬೇಕು. ಇನ್ನೊಂದು, ಈ ಪಟ್ಟಿ ಬದಲಿಸಿದ ಮೇಲೆ ಮತ್ತೆ ಬಿಲ್ಡ್ ಮಾಡಬೇಕು.

ಇದೇ ಸಾಲಿಗೆ 16ರಲ್ಲಿ ಇನ್ನೊಂದು ಕಾರಣವೂ ಸೇರಿದೆ. ಮೂಲ ಚಿತ್ರದ ಹೋಸ್ಟ್ ಹೆಸರು ಖಾಸಗಿ ಐಪಿಗೆ ಹೋಗುತ್ತಿದ್ದರೆ, ಅಂದರೆ ಲೋಕಲ್‌ಹೋಸ್ಟ್, ಒಳಗಿನ ನೆಟ್‌ವರ್ಕ್, ಡಾಕರಿನ ಪಕ್ಕದ ಕಂಟೇನರ್ ಇಂಥದ್ದಾದರೆ, ಸರ್ವರ್ ತರಲು ಒಪ್ಪುವುದಿಲ್ಲ. ಪಟ್ಟಿಯಲ್ಲಿ ಹೆಸರಿದ್ದರೂ ಒಪ್ಪುವುದಿಲ್ಲ. ಬ್ರೌಸರಿಗೆ ಬರುವ ಎರರ್ ಅದೇ ಹಳೆಯದು, ಹಾಗಾಗಿ ಜನ ಪ್ಯಾಟರ್ನನ್ನೇ ತಿದ್ದುತ್ತಾ ಕೂರುತ್ತಾರೆ. ಖಾಸಗಿ ಐಪಿ ಎಂಬ ಮಾತು ಬರುವುದು ಸರ್ವರ್ ಲಾಗಿನಲ್ಲಿ. 15ರಲ್ಲಿ ನಡೆಯುತ್ತಿದ್ದದ್ದು 16ಕ್ಕೆ ಹೋದ ತಕ್ಷಣ ನಿಂತರೆ ಮೊದಲು ಇದನ್ನೇ ನೋಡಿ. ಡೇಂಜರಸ್ಲಿ ಅಲೋ ಲೋಕಲ್ ಐಪಿ ಎಂಬ ಸೆಟ್ಟಿಂಗ್ ಆನ್ ಮಾಡಿದರೆ ಬಿಡುತ್ತದೆ. ಹೆಸರಿನಲ್ಲೇ ಅಪಾಯ ಎಂದಿದೆ, ಅದು ಸುಮ್ಮನೆ ಇಟ್ಟದ್ದಲ್ಲ. ಹೊರಗಿನವರು ನಿಮ್ಮ ಸರ್ವರಿನ ಕೈಯಿಂದ ನಿಮ್ಮದೇ ಒಳಮನೆಯ ಬಾಗಿಲು ತಟ್ಟಿಸಬಾರದು ಎಂದು ಆ ತಡೆ. ಹೊರಗಿನವರು ಚಿತ್ರದ ಲಿಂಕ್ ಕೊಡುವ ಸೈಟ್ ನಿಮ್ಮದಾದರೆ ಅದನ್ನು ಮುಟ್ಟಬೇಡಿ. ಇದೇ ಆವೃತ್ತಿಯಲ್ಲಿ ರೀಡೈರೆಕ್ಟ್‌ಗಳಿಗೂ ಮಿತಿ ಬಂತು, ತಾನಾಗಿ 3 ಸಲ ಮಾತ್ರ ಹಿಂಬಾಲಿಸುತ್ತದೆ. ಮೊದಲು ಲೆಕ್ಕವೇ ಇರಲಿಲ್ಲ.

ಡಬ್ಲ್ಯೂಗೆ ಅನುಮತಿ ಇಲ್ಲ ಎಂದರೆ ನೀವೋ ಯಾವುದೋ ಲೈಬ್ರರಿಯೋ ಈ ವಿಳಾಸವನ್ನು ಕೈಯಾರೆ ಕಟ್ಟಿದ್ದೀರಿ ಎಂದರ್ಥ. ಅಗಲ ಯಾವುದಾದರೂ ಆಗಬಹುದು ಅನ್ನಿಸುತ್ತದೆ, ಅಲ್ವಾ? ಆಗುವುದಿಲ್ಲ. ಡಿವೈಸ್ ಸೈಜಸ್ ಎಂಬ ಪಟ್ಟಿಯಲ್ಲಿ 640, 750, 828, 1080, 1200, 1920, 2048, 3840 ಇವೆ. ಇಮೇಜ್ ಸೈಜಸ್ ಎಂಬ ಇನ್ನೊಂದರಲ್ಲಿ 32ರಿಂದ 384ರವರೆಗಿನ ಚಿಕ್ಕವು. 15ರವರೆಗೆ 16 ಎಂಬ ಅಗಲವೂ ಇತ್ತು, 16ನೇ ಆವೃತ್ತಿಯಲ್ಲಿ ಅದನ್ನು ತೆಗೆದರು. ಇವೆರಡರಲ್ಲಿ ಇಲ್ಲದ ಸಂಖ್ಯೆ ಕೊಟ್ಟರೆ 400.

ಕ್ಯೂ ವಿಷಯ ಸ್ವಲ್ಪ ಮೋಸದ್ದು. 16ರಲ್ಲಿ ಕ್ವಾಲಿಟೀಸ್ ಪಟ್ಟಿಯಲ್ಲಿ ತಾನಾಗಿ ಇರುವುದು 75 ಒಂದೇ. ವಿಳಾಸವನ್ನು ಕೈಯಿಂದ ಬರೆದು 90 ಹಾಕಿದರೆ 400 ಬರುತ್ತದೆ, ಗೊತ್ತಾಗುತ್ತದೆ. ಆದರೆ ಕಾಂಪೊನೆಂಟಿಗೆ ಕ್ವಾಲಿಟಿ 90 ಎಂದು ಕೊಟ್ಟರೆ ಎರರ್ ಬರುವುದಿಲ್ಲ. ಪಟ್ಟಿಯಲ್ಲಿ ಹತ್ತಿರದ ಸಂಖ್ಯೆ ಯಾವುದೋ ಅದನ್ನು ಎತ್ತಿಕೊಳ್ಳುತ್ತದೆ, ಅಂದರೆ 75. ಅಪ್‌ಗ್ರೇಡ್ ಆದ ಮೇಲೆ ಫೋಟೋಗಳು ಯಾಕೋ ಮಂಕಾಗಿವೆ ಎಂದು ಡಿಸೈನರ್ ಹೇಳಿದರೆ ಜಗಳ ಆಡಬೇಡಿ, ವಿಳಾಸದಲ್ಲಿ ಕ್ಯೂ ಎಷ್ಟಿದೆ ನೋಡಿ.

ಈ ಪಟ್ಟಿಗಳು ಯಾಕೆ ಎಂದು ಲೆಕ್ಕ ಹಾಕಿದರೆ ಸಿಟ್ಟು ಇಳಿಯುತ್ತದೆ. 16 ಬಗೆಯ ಅಗಲ, 100 ಬಗೆಯ ಗುಣಮಟ್ಟ ಎಂದಿಟ್ಟುಕೊಂಡರೆ ಒಂದೇ ಚಿತ್ರಕ್ಕೆ 1600 ರೂಪಗಳು. ಒಬ್ಬ ಕಿಡಿಗೇಡಿ ಒಂದು ಸಣ್ಣ ಲೂಪ್ ಬರೆದರೆ ನಿಮ್ಮ ಸಿಪಿಯು ಮತ್ತು ಡಿಸ್ಕ್ ಎರಡೂ ತುಂಬುತ್ತವೆ. ನನ್ನ ತಕರಾರು ಮಿತಿ ಇರುವುದಕ್ಕಲ್ಲ, ಸದ್ದಿಲ್ಲದೆ ಸಂಖ್ಯೆ ಬದಲಿಸುವುದಕ್ಕೆ.

ಯುಆರ್‌ಎಲ್ ತುಂಬಾ ಉದ್ದ ಎಂಬ ಎರರ್ ಅಪರೂಪ. ಮಿತಿ 3072 ಅಕ್ಷರ. ಸಹಿ ಹಾಕಿದ, ಉದ್ದುದ್ದ ಟೋಕನ್ ಇರುವ ಲಿಂಕುಗಳಲ್ಲಿ ಮಾತ್ರ ಸಿಕ್ಕಿಬೀಳುತ್ತೀರಿ. ಎರಡು ಸ್ಲ್ಯಾಶಿನಿಂದ ಶುರುವಾಗುವ, ಪ್ರೊಟೊಕಾಲ್ ಇಲ್ಲದ ಲಿಂಕುಗಳನ್ನೂ ಅದು ಒಪ್ಪುವುದಿಲ್ಲ. ಹಳೆಯ ಡೇಟಾಬೇಸಿನಿಂದ ಲಿಂಕ್ ಬರುತ್ತಿದ್ದರೆ ಎಚ್‌ಟಿಟಿಪಿಎಸ್ ಸೇರಿಸಿ ಕೊಡಿ.

ಎಸ್‌ವಿಜಿಯ ಕಥೆ ತಮಾಷೆಯಾಗಿದೆ. ಫೈಲ್ ಹೆಸರು ಡಾಟ್ ಎಸ್‌ವಿಜಿ ಎಂದು ಮುಗಿದರೆ ಕಾಂಪೊನೆಂಟ್ ಆಪ್ಟಿಮೈಜರನ್ನು ಬಳಸುವುದೇ ಇಲ್ಲ, ಚಿತ್ರ ನೇರವಾಗಿ ಬರುತ್ತದೆ. ಅದೇ ಎಸ್‌ವಿಜಿ ಎಕ್ಸ್‌ಟೆನ್ಶನ್ ಇಲ್ಲದ ಲಿಂಕಿನಿಂದ ಬಂದರೆ ಆಪ್ಟಿಮೈಜರಿಗೆ ಹೋಗಿ, ಈ ಬಗೆಯ ಚಿತ್ರಕ್ಕೆ ಅನುಮತಿ ಇಲ್ಲ ಎಂದು 400 ಆಗುತ್ತದೆ. ಹತ್ತು ಲೋಗೋಗಳಲ್ಲಿ ಒಂದು ಮಾತ್ರ ಕಾಣದಿದ್ದರೆ ಕಾರಣ ಇದಿರಬಹುದು. ಅದಕ್ಕೆ ಅನ್‌ಆಪ್ಟಿಮೈಜ್ಡ್ ಪ್ರಾಪ್ (ಆಪ್ಟಿಮೈಜರನ್ನು ಬಿಟ್ಟು ಚಿತ್ರವನ್ನು ನೇರವಾಗಿ ತರಿಸುವಂಥದ್ದು) ಹಾಕಿ, ಮುಗಿಯಿತು. ಎಸ್‌ವಿಜಿಯನ್ನು ಚಿಕ್ಕದು ಮಾಡುವಂಥದ್ದೇನೂ ಇಲ್ಲ.

ಹಂತ 3: 504 ಬಂದರೆ ಗಡಿಯಾರ ನೋಡಿ

ಇದು ನನ್ನ ಎರಡು ದಿನ ತಿಂದ ಮಿತಿ, ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ನಮ್ಮ ಒಂದು ಪ್ರಾಜೆಕ್ಟಿನಲ್ಲಿ ಹೊಸ ಡಿಪ್ಲಾಯ್ (ಹೊಸ ಕೋಡನ್ನು ಸರ್ವರಿಗೆ ಹಾಕುವುದು) ಆದ ಕೂಡಲೇ ಚಿತ್ರಗಳು ಮುರಿಯುತ್ತಿದ್ದವು. ಯಾರಾದರೂ ದೂರು ಹೇಳಿ, ನಾನು ಹೋಗಿ ನೋಡುವಷ್ಟರಲ್ಲಿ ಎಲ್ಲವೂ ಸರಿ. ನನ್ನ ಕಂಪ್ಯೂಟರಿನಲ್ಲಿ ಒಂದು ಸಲವೂ ಆಗಲಿಲ್ಲ. ದೂರು ಹೇಳಿದವರ ನೆಟ್ ನಿಧಾನ ಇರಬೇಕು ಎಂದು ಒಂದು ದಿನ ಕಳೆದೆ. ಆಮೇಲೆ ಲಾಗ್ ಓದಿದಾಗ ಸಿಕ್ಕಿತು: ಮೂಲ ಚಿತ್ರದ ಉತ್ತರ ಬರಲು ಸಮಯ ಮೀರಿತು.

ಸೋರ್ಸ್ ತೆರೆದರೆ ವಿಷಯ ಸರಳ. ಹೊರಗಿನ ಚಿತ್ರ ತರಲು ಹೋದ ಸರ್ವರ್ 7 ಸೆಕೆಂಡ್ ಕಾಯುತ್ತದೆ. ಅಷ್ಟರಲ್ಲಿ ಉತ್ತರ ಬಾರದಿದ್ದರೆ ಕೈಬಿಟ್ಟು 504 ಕೊಡುತ್ತದೆ. ಆ 7ನ್ನು ಸೆಟ್ಟಿಂಗ್ ಆಗಿ ಹೊರಗಿಟ್ಟಿಲ್ಲ, ಕೋಡಿನ ಒಳಗೇ ಬರೆದ ಸಂಖ್ಯೆ ಅದು.

ನಮ್ಮ ಚಿತ್ರಗಳ ಸರ್ವರ್ ಕೇಳಿದಾಗ ಮಾತ್ರ ಚಿತ್ರ ತಯಾರಿಸುವ ಜಾತಿಯದು. ಮೊದಲ ಸಲ ಕೇಳಿದರೆ ಹತ್ತು ಸೆಕೆಂಡಿನ ಮೇಲೆ ಹಿಡಿಯುತ್ತಿತ್ತು. ನೆಕ್ಸ್ಟ್ 7ಕ್ಕೇ ಕೈಬಿಡುತ್ತಿತ್ತು. ಆದರೆ ಆ ಕಡೆ ಕೆಲಸ ನಿಲ್ಲುತ್ತಿರಲಿಲ್ಲ, ಚಿತ್ರ ತಯಾರಾಗಿ ಕೂತಿರುತ್ತಿತ್ತು. ಹಾಗಾಗಿ ಎರಡನೇ ಸಲ ಕೇಳಿದವರಿಗೆ ಕ್ಷಣದಲ್ಲಿ ಸಿಗುತ್ತಿತ್ತು. ಆಮೇಲೆ ನೆಕ್ಸ್ಟ್ ತನ್ನ ಕ್ಯಾಶಿನಲ್ಲಿ (ತಾತ್ಕಾಲಿಕ ಸಂಗ್ರಹದಲ್ಲಿ) ಇಟ್ಟುಕೊಳ್ಳುತ್ತಿತ್ತು. ಡಿಪ್ಲಾಯ್ ಆದಾಗ ಹೊಸ ಕಂಟೇನರ್, ಖಾಲಿ ಕ್ಯಾಶ್. ಮೊದಲು ಬಂದವರಿಗೆ ಮತ್ತೆ ಅದೇ ಪೆಟ್ಟು. ನಾನು ಯಾವತ್ತೂ ಮೊದಲು ಬಂದವನಾಗಿರಲಿಲ್ಲ, ಅಷ್ಟೇ.

ನಿಮಗೆ ಇದೇ ಅನುಮಾನ ಬಂದರೆ ಅಳತೆ ಹೀಗೆ ಮಾಡಿ. ನೆಕ್ಸ್ಟ್ ಓಡುತ್ತಿರುವ ಯಂತ್ರದ ಒಳಗೇ ಹೋಗಿ, ಕಂಟೇನರ್ ಆದರೆ ಕಂಟೇನರಿನ ಒಳಗೆ. ಅಲ್ಲಿಂದ ಕರ್ಲ್ ಎಂಬ ಕಮಾಂಡ್ ಬಳಸಿ ಮೂಲ ಚಿತ್ರವನ್ನು ತರಿಸಿ, ಒಟ್ಟು ಸಮಯ ತೋರಿಸಲು ಹೇಳಿ. ಇದುವರೆಗೆ ಯಾರೂ ಕೇಳದ ಹೊಸ ಚಿತ್ರ ಒಂದನ್ನು ಆರಿಸಿಕೊಳ್ಳಿ. ಹಳೆಯದನ್ನು ಕೇಳಿದರೆ ನನ್ನ ಹಾಗೆ ಮೋಸ ಹೋಗುತ್ತೀರಿ. 3 ಸೆಕೆಂಡ್ ಮೀರಿದರೆ ನಾನು ಚಿಂತೆ ಮಾಡಲು ಶುರು ಮಾಡುತ್ತೇನೆ. ಲೋಡ್ ಜಾಸ್ತಿಯಾದ ದಿನ 3 ಹೋಗಿ 7 ಆಗಲು ಹೊತ್ತು ಬೇಕಿಲ್ಲ.

ಪರಿಹಾರ ಏನು? ಚಿತ್ರ ಅಪ್‌ಲೋಡ್ ಆದಾಗಲೇ ಬೇಕಾದ ಗಾತ್ರ ತಯಾರಿಸಿಡುವುದು ಎಲ್ಲಕ್ಕಿಂತ ಒಳ್ಳೆಯದು. ಅದು ನಿಮ್ಮ ಕೈಯಲ್ಲಿಲ್ಲದಿದ್ದರೆ ಡಿಪ್ಲಾಯ್ ಆದ ತಕ್ಷಣ ಮುಖ್ಯ ಪುಟಗಳ ಚಿತ್ರಗಳನ್ನು ಒಂದು ಸ್ಕ್ರಿಪ್ಟಿನಿಂದ ಒಮ್ಮೆ ಕೇಳಿಸಿ ಕ್ಯಾಶ್ ಬಿಸಿ ಮಾಡಿಡಿ. ಚಿತ್ರದ ಸೇವೆಗೇ ಗಾತ್ರ ಬದಲಿಸುವ ಶಕ್ತಿ ಇದ್ದರೆ ಕಸ್ಟಮ್ ಲೋಡರ್ ಬರೆಯಿರಿ. ಎಸ್‌ಆರ್‌ಸಿ, ಅಗಲ, ಗುಣಮಟ್ಟ ಪಡೆದು ಒಂದು ವಿಳಾಸ ಕೊಡುವ ನಾಲ್ಕು ಸಾಲಿನ ಫಂಕ್ಷನ್ ಅದು. ಆಗ ಬ್ರೌಸರೇ ನೇರ ಹೋಗಿ ಚಿತ್ರ ತರುತ್ತದೆ, 7 ಸೆಕೆಂಡಿನ ಗೊಡವೆಯೇ ಇರುವುದಿಲ್ಲ. ನೋಡ್ ಮಾಡ್ಯೂಲ್ಸ್ ಒಳಗೆ ಹೋಗಿ 7ನ್ನು 20 ಮಾಡುವ ಆಸೆ ಬರುತ್ತದೆ. ನಾನೂ ಮಾಡಿದ್ದೆ. ಎರರ್ ಹೋಯಿತು, ಆದರೆ ಮೊದಲು ಬಂದವರು ಹತ್ತು ಸೆಕೆಂಡ್ ಖಾಲಿ ಪೆಟ್ಟಿಗೆ ನೋಡುತ್ತಾ ಕೂತರು. ವಾಪಸ್ ತೆಗೆದೆ.

ಹಂತ 4: ಚಿತ್ರ ಕಾಣುತ್ತಿದೆ, ಆದರೆ ದಪ್ಪವಾಗಿದೆ

ಎರರ್ ಬರದ ತೊಂದರೆಯನ್ನು ಹುಡುಕುವುದು ಹೆಚ್ಚು ಕಷ್ಟ. ಚಿತ್ರವನ್ನು ಚಿಕ್ಕದು ಮಾಡುವ ಕೆಲಸ ಶಾರ್ಪ್ ಎಂಬ ಲೈಬ್ರರಿಯದು. ಅದಕ್ಕೂ ಬೇರೆಯದೇ ಒಂದು 7 ಸೆಕೆಂಡಿನ ಗಡುವು ಇದೆ. ಜೊತೆಗೆ ಪಿಕ್ಸೆಲ್ ಮಿತಿ: ಸುಮಾರು 26.8 ಕೋಟಿ, ಅಂದರೆ 16383ನ್ನು 16383ರಿಂದ ಗುಣಿಸಿದಷ್ಟು. ಇವೆರಡನ್ನೂ ಬದಲಿಸಲು ಎಕ್ಸ್‌ಪೆರಿಮೆಂಟಲ್ ಅಡಿಯಲ್ಲಿ ಸೆಟ್ಟಿಂಗುಗಳಿವೆ. ಹೆಸರು ಇಮ್ಗ್ ಆಪ್ಟ್ ಎಂದು ಶುರುವಾಗುತ್ತದೆ.

ಈ ಮಿತಿ ದಾಟಿದರೆ ನೆಕ್ಸ್ಟ್ ಎರರ್ ಕೊಡುವ ಬದಲು ಮೂಲ ಚಿತ್ರವನ್ನು ಹಾಗೇ ಕಳಿಸಿಬಿಡುತ್ತದೆ. ಪುಟ ನೋಡಿದವರಿಗೆ ಎಲ್ಲವೂ ಸರಿ. ಮೊಬೈಲಿನಲ್ಲಿ ಓದುವವರಿಗೆ ಮಾತ್ರ 12 ಎಂಬಿ ಇಳಿಯುತ್ತಿರುತ್ತದೆ. ಹಾಗಾಗಿ ನೆಟ್‌ವರ್ಕ್ ಟ್ಯಾಬಿನಲ್ಲಿ ಗಾತ್ರದ ಕಾಲಂ ಮೇಲೆ ಒತ್ತಿ, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ನೋಡಿ. ವೆಬ್‌ಪಿ ಆಗಬೇಕಿದ್ದದ್ದು ಜೆಪೆಗ್ ಆಗಿಯೇ ಬಂದಿದ್ದರೆ ಆಪ್ಟಿಮೈಜರ್ ಕೈಚೆಲ್ಲಿದೆ. ಅಲುಗಾಡುವ ಜಿಫ್ ಮತ್ತು ಅಂಥ ವೆಬ್‌ಪಿಗಳನ್ನು ಅದು ಬೇಕೆಂದೇ ಮುಟ್ಟುವುದಿಲ್ಲ, ಅವು ಎಷ್ಟು ದಪ್ಪ ಇವೆಯೋ ಅಷ್ಟೇ ದಪ್ಪ ಬರುತ್ತವೆ. ಚಿಕ್ಕ ಚಿತ್ರವನ್ನು ಹಿಗ್ಗಿಸುವುದೂ ಇಲ್ಲ. 300 ಪಿಕ್ಸೆಲ್ ಅಗಲದ ಚಿತ್ರಕ್ಕೆ 1080 ಕೇಳಿದರೆ 300ರದ್ದೇ ಬರುತ್ತದೆ.

ಹಂತ 5: ಲಾಗಿನ್ ಹಿಂದಿರುವ ಚಿತ್ರಗಳು

ಚಿತ್ರ ತರಲು ಹೊರಟ ಸರ್ವರ್ ನಿಮ್ಮ ಕುಕಿಯನ್ನು ಜೊತೆಗೆ ಒಯ್ಯುವುದಿಲ್ಲ. ಲಾಗಿನ್ ಆದವರಿಗೆ ಮಾತ್ರ ಸಿಗುವ ಚಿತ್ರವನ್ನು ಅದು ಅಪರಿಚಿತನ ಹಾಗೆ ಹೋಗಿ ಕೇಳುತ್ತದೆ. ಅಲ್ಲಿ 401 (ಲಾಗಿನ್ ಬೇಕು ಎಂಬ ಉತ್ತರ) ಸಿಗುತ್ತದೆ, ಇಲ್ಲವೇ ಲಾಗಿನ್ ಪುಟದ ಎಚ್‌ಟಿಎಂಎಲ್ ಸಿಗುತ್ತದೆ. ಎರಡನೆಯದಾದರೆ ಕೇಳಿದ್ದು ಸರಿಯಾದ ಚಿತ್ರವಲ್ಲ ಎಂಬ ಎರರ್ ಬರುತ್ತದೆ. ಆ ಸಾಲು ಕಂಡಾಗ ಚಿತ್ರ ಕೆಟ್ಟಿದೆ ಎಂದುಕೊಳ್ಳಬೇಡಿ, ಬಂದದ್ದು ಪುಟವೋ ಚಿತ್ರವೋ ನೋಡಿ. ನಿಮ್ಮದೇ ಮಿಡಲ್‌ವೇರ್ (ಪ್ರತಿ ಕೋರಿಕೆಯನ್ನೂ ಮೊದಲು ನೋಡುವ ಕೋಡ್) ಕೂಡ ಇದೇ ಕೆಲಸ ಮಾಡಬಹುದು. 16ರಲ್ಲಿ ಅದರ ಹೆಸರು ಪ್ರಾಕ್ಸಿ. ಯಾವ ವಿಳಾಸಗಳನ್ನು ತಡೆಯಬೇಕೆಂದು ಹೇಳುವ ಅದರ ಮ್ಯಾಚರ್ ಚಿತ್ರದ ವಿಳಾಸವನ್ನೂ ಪಬ್ಲಿಕ್ ಫೋಲ್ಡರಿನ ಫೈಲುಗಳನ್ನೂ ಹಿಡಿದು ಲಾಗಿನ್ನಿಗೆ ತಿರುಗಿಸುತ್ತಿದ್ದರೆ ನಿಮ್ಮ ಸೈಟಿನ ಲೋಗೋವೇ ಕಾಣುವುದಿಲ್ಲ.

ಖಾಸಗಿ ಚಿತ್ರಕ್ಕೆ ಅನ್‌ಆಪ್ಟಿಮೈಜ್ಡ್ ಹಾಕಿ. ಬ್ರೌಸರ್ ತನ್ನ ಕುಕಿ ಹಿಡಿದು ತಾನೇ ಹೋಗುತ್ತದೆ. ಸಹಿ ಹಾಕಿದ ಲಿಂಕ್ ಕೊಟ್ಟು ಆಪ್ಟಿಮೈಜರಿನ ಮೂಲಕವೇ ಕಳಿಸುತ್ತೇನೆ ಅನ್ನುವವರು ಒಂದು ಗಮನಿಸಿ: ಕ್ಯಾಶ್ ನೋಡುವುದು ಪೂರ್ತಿ ವಿಳಾಸವನ್ನು. ಸಹಿ ಪ್ರತಿ ಸಲ ಬದಲಾದರೆ ಪ್ರತಿ ಸಲವೂ ಹೊಸ ಚಿತ್ರ. ಕ್ಯಾಶ್ ಇದ್ದೂ ಇಲ್ಲದ ಹಾಗೆ, ಸಿಪಿಯು ಮಾತ್ರ ಬಿಸಿ.

ಹಂತ 6: ಹಳೆಯ ಚಿತ್ರ ಹೋಗುತ್ತಿಲ್ಲ

ಚಿತ್ರ ಬದಲಿಸಿದಿರಿ, ಪುಟದಲ್ಲಿ ಇನ್ನೂ ಹಳೆಯದೇ ಇದೆ. ಉತ್ತರದ ಹೆಡರುಗಳಲ್ಲಿ ಎಕ್ಸ್ ನೆಕ್ಸ್ಟ್‌ಜೆಎಸ್ ಕ್ಯಾಶ್ ಎಂಬುದನ್ನು ನೋಡಿ. ಹಿಟ್ (ಕ್ಯಾಶಿನಿಂದ ಬಂತು), ಸ್ಟೇಲ್ (ಕ್ಯಾಶಿನದೇ, ಆದರೆ ಅವಧಿ ಮುಗಿದದ್ದು), ಮಿಸ್ (ಕ್ಯಾಶಿನಲ್ಲಿ ಇರಲಿಲ್ಲ) ಎಂಬ ಮೂರರಲ್ಲಿ ಒಂದು ಇರುತ್ತದೆ. ಮಿನಿಮಮ್ ಕ್ಯಾಶ್ ಟಿಟಿಎಲ್, ಅಂದರೆ ಚಿತ್ರ ಕ್ಯಾಶಿನಲ್ಲಿ ಇರುವ ಕನಿಷ್ಠ ಅವಧಿ, 15ರಲ್ಲಿ 60 ಸೆಕೆಂಡ್ ಇತ್ತು, 16ರಲ್ಲಿ 4 ಗಂಟೆ ಆಯಿತು. ಮೂಲ ಸರ್ವರಿನ ಕ್ಯಾಶ್ ಕಂಟ್ರೋಲ್ ಹೆಡರಿನಲ್ಲಿ ಹೇಳಿದ ಅವಧಿ ಇದಕ್ಕಿಂತ ದೊಡ್ಡದಿದ್ದರೆ ಆ ದೊಡ್ಡದೇ ಗೆಲ್ಲುತ್ತದೆ. ಒಂದು ಚಿತ್ರವನ್ನು ಕ್ಯಾಶಿನಿಂದ ತೆಗೆ ಎಂದು ಹೇಳುವ ದಾರಿ ಇಲ್ಲ. ಫೈಲ್ ಹೆಸರು ಬದಲಿಸಿ, ಅಥವಾ ಡಾಟ್ ನೆಕ್ಸ್ಟ್ ಒಳಗಿನ ಕ್ಯಾಶ್, ಅದರೊಳಗಿನ ಇಮೇಜಸ್ ಫೋಲ್ಡರ್ ಅಳಿಸಿ. ಅಳಿಸಿದರೆ ಎಲ್ಲ ಚಿತ್ರಗಳೂ ಮತ್ತೆ ಮಿಸ್ ಆಗುತ್ತವೆ. ಹಂತ 3ರ ಕಥೆ ನೆನಪಿದೆಯಲ್ಲ?

ಹಂತ 7: ಮಿತಿಗಳನ್ನು ನೀವೇ ಓದಿಕೊಳ್ಳಿ

ಇದು ಕೇಳಿದಷ್ಟು ಕಷ್ಟವಲ್ಲ. ನೋಡ್ ಮಾಡ್ಯೂಲ್ಸ್ ಒಳಗೆ ನೆಕ್ಸ್ಟ್, ಅದರೊಳಗೆ ಡಿಸ್ಟ್, ಅದರೊಳಗೆ ಸರ್ವರ್ ಫೋಲ್ಡರ್. ಅಲ್ಲಿ ಇಮೇಜ್ ಆಪ್ಟಿಮೈಜರ್ ಎಂಬ ಫೈಲ್ ಇದೆ. ಹಂತ 1ರಲ್ಲಿ ಬರೆದಿಟ್ಟ ಎರರ್ ಸಾಲಿನ ಎರಡು ಮೂರು ಪದಗಳನ್ನು ಅದರಲ್ಲಿ ಹುಡುಕಿ. ಅದರ ಮೇಲಿನ ಸಾಲಿನಲ್ಲೇ ಒಂದು ಇಫ್ ಇರುತ್ತದೆ. ಆ ಇಫ್ ಏನು ಕೇಳುತ್ತದೋ ಅದೇ ನಿಮ್ಮ ಮಿತಿ. ಇನ್‌ಸ್ಟಾಲ್ ಆಗಿರುವ ನಿಖರ ಆವೃತ್ತಿಯ ಕೋಡ್ ಅದು. ವೆಬ್‌ಸೈಟಿನಲ್ಲಿರುವ ಡಾಕ್ಯುಮೆಂಟ್ ಹೊಸ ಆವೃತ್ತಿಯದಿರಬಹುದು, ಇದು ಮಾತ್ರ ನಿಮ್ಮದೇ.

ನಾನು ಈಗ ಪ್ರತಿ ಅಪ್‌ಗ್ರೇಡಿಗೆ ಮುಂಚೆ ಈ ಒಂದು ಫೈಲಿನ ಹಳೆಯ ಮತ್ತು ಹೊಸ ರೂಪ ಪಕ್ಕಪಕ್ಕ ಇಟ್ಟು ಡಿಫ್ ನೋಡುತ್ತೇನೆ. ಚೇಂಜ್‌ಲಾಗಿನಲ್ಲಿ ಕಣ್ಣು ತಪ್ಪಿದ ಹೊಸ ಇಫ್‌ಗಳು ಇಲ್ಲಿ ತಪ್ಪುವುದಿಲ್ಲ. ಜೊತೆಗೆ ಐದು ವಿಳಾಸಗಳ ಒಂದು ಟೆಸ್ಟ್ ಇಟ್ಟಿದ್ದೇನೆ: ಪ್ರಶ್ನೆ ಚಿಹ್ನೆ ಇರುವ ಒಂದು ಲಿಂಕ್, ಎಕ್ಸ್‌ಟೆನ್ಶನ್ ಇಲ್ಲದ ಒಂದು ಎಸ್‌ವಿಜಿ, ರೀಡೈರೆಕ್ಟ್ ಆಗುವ ಒಂದು, ನಮ್ಮಲ್ಲಿರುವ ಅತಿ ದೊಡ್ಡ ಫೋಟೋ, ಗುಣಮಟ್ಟ 90 ಕೇಳುವ ಒಂದು. ಸ್ಟೇಜಿಂಗ್ ಸರ್ವರಿಗೆ ಇವನ್ನು ಕೇಳಿಸಿ, ಸ್ಟೇಟಸ್ ಮಾತ್ರವಲ್ಲದೆ ಬಂದ ಬೈಟುಗಳ ಲೆಕ್ಕವನ್ನೂ ಹಳೆಯದರ ಜೊತೆ ಹೋಲಿಸುತ್ತದೆ. ಕಳೆದ ಸಲ ಐದರಲ್ಲಿ ಎರಡು ಕೆಂಪಾದವು. ಎರಡನ್ನೂ ಡಿಪ್ಲಾಯ್‌ಗೆ ಮುಂಚೆಯೇ ಸರಿ ಮಾಡಿದೆವು.